ಎಡ ಬಾಗಿಲಿನ ಗೀಟುಗಳು

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಕಾರ್ಖಾನೆಯಲ್ಲಿ ಕಾರುಗಳು ಸಾಗುವ ಲೈನ್ ನಿಂತಿತು. ಲೈನ್ ನಿಂತರೆ ಮೊದಲು ಕಿವಿಗೆ ಗೊತ್ತಾಗುತ್ತದೆ, ಆಮೇಲೆ ಹೊಟ್ಟೆಗೆ. ಸೂಪರ್‌ವೈಸರ್ ನಮ್ಮನ್ನೆಲ್ಲ ನೋಟಿಸ್ ಬೋರ್ಡಿನ ಹತ್ತಿರ ಕರೆದು ತಾವೇ ಓದಿ ಹೇಳಿದರು. ಮಾರಾಟವಾಗದ ಕಾರುಗಳು ಹಿಂದಿನ ಅಂಗಳದಲ್ಲಿ ನಿಲ್ಲಿಸಲು ಜಾಗವಿಲ್ಲದಷ್ಟಾಗಿವೆ. ಏಪ್ರಿಲ್ ಒಂದರಿಂದ ಎರಡನೇ ಶಿಫ್ಟ್ ಇರುವುದಿಲ್ಲ, ಅದರಲ್ಲಿರುವವರೂ ಇರುವುದಿಲ್ಲ. ನಮ್ಮ ಶಿಫ್ಟಿನಲ್ಲಿ ಪ್ರತಿ ಸ್ಟೇಷನ್ನಿನಿಂದ ಒಬ್ಬರು ಹೋಗಬೇಕು.

ನಮ್ಮ ಸ್ಟೇಷನ್ನಿನಲ್ಲಿ ನಾವು ನಾಲ್ವರು. ಬಣ್ಣಕ್ಕೆ ಹೋಗುವ ಮುಂಚೆ ಬರೀ ತಗಡಿನ ಕಾರು ನಮ್ಮ ಮುಂದೆ ಬಂದು ನಿಲ್ಲುತ್ತದೆ. ಎಡ ಬಾಗಿಲುಗಳ ಮೇಲೆ ನಾನು ಕೈಯಾಡಿಸುತ್ತೇನೆ, ಬಲ ಬಾಗಿಲುಗಳ ಮೇಲೆ ಕನ್ನಡಕದವಳು. ಕಣ್ಣಿಗೆ ಕಾಣದ ಗುಳಿ ಅಂಗೈಗೆ ಸಿಗುತ್ತದೆ. ಸಿಕ್ಕ ಜಾಗಕ್ಕೆ ಮೇಣದ ಪೆನ್ಸಿಲಿನಿಂದ ಗೀಟು ಹಾಕಿ ಚೀಟಿ ಬರೆಯುತ್ತೇವೆ. ನನ್ನ ಗೀಟುಗಳನ್ನು, ನಾವೆಲ್ಲ ಸುತ್ತಿಗೆ ಮಾವ ಎನ್ನುವ ಹಿರಿಯರು ತಟ್ಟಿ, ಅರದಿಂದ ಉಜ್ಜಿ ಸರಿಮಾಡಿ ಚೀಟಿಗೆ ಸಹಿ ಹಾಕುತ್ತಾರೆ. ಅವಳ ಗೀಟುಗಳು ಉದ್ದಣ್ಣನ ಪಾಲು.

ಯಾರಾದರೂ ತಾವಾಗಿ ಹೋಗುತ್ತೇನೆ ಎಂದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಈ ತಿಂಗಳ ತಪ್ಪುಗಳ ಎಣಿಕೆ. ನನ್ನ ಕೈ ತಪ್ಪಿಸಿಕೊಂಡ ಗುಳಿ ಬಣ್ಣ ಬಳಿದ ಮೇಲೆ ಕಂಡರೆ ಒಂದು ತಪ್ಪು. ಇಲ್ಲದ ಗುಳಿಗೆ ಗೀಟು ಹಾಕಿ, ತಟ್ಟುವವರು ಚೀಟಿಯ ಮೇಲೆ 'ದೋಷವಿಲ್ಲ' ಎಂದು ಬರೆದರೆ ಅದೂ ಒಂದು. ತಟ್ಟಿದ ಮೇಲೂ ಗುಳಿ ಉಳಿದು ಮತ್ತೆ ಚೀಟಿಯಾದರೆ ತಟ್ಟಿದವರ ಹೆಸರಿಗೆ ಒಂದು. ಹೆಚ್ಚು ತಪ್ಪು ಯಾರದೋ ಅವರು ಹೊರಗೆ.

ಯಾರೂ ಮುಂದೆ ಬರಲಿಲ್ಲ. ಮಾವ ಮಾತ್ರ ಸುತ್ತಿಗೆಯನ್ನು ಎತ್ತಿ ತೋರಿಸಿದರು. "ನಾನು ಹೋದ್ರೆ ಇದನ್ನ ಯಾರು ಸಾಕ್ತಾರೆ? ಮನೇಲಿ ಇವಳು ನನ್ನನ್ನೇ ಸಾಕಲ್ಲ ಅಂತಾಳೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರ್ಚ್ ೪, ಮಂಗಳವಾರ

ಇದನ್ನು ಬರೆಯುತ್ತಿರುವುದು ಮನೆಯಲ್ಲಿ ಇವರಿಗೂ ಹೇಳಿಲ್ಲ. ಹೇಳಿದರೆ ಏನು ಬರೆದೆ ಎಂದು ಕೇಳುತ್ತಾರೆ.

ಮಾರ್ಚ್ ೬, ಗುರುವಾರ

ಒಂದು ತಪ್ಪಿತು. ಹಿಂದಿನ ಎಡ ಬಾಗಿಲು, ಹಿಡಿಕೆಯಿಂದ ನಾಲ್ಕು ಬೆರಳು ಕೆಳಗೆ. ಬಣ್ಣದ ವಿಭಾಗದವರು ದೀಪದ ಕೆಳಗೆ ಫೋಟೊ ತೆಗೆದು ಕಳಿಸಿದ್ದರು. ಸೂಪರ್‌ವೈಸರ್ ಫೋನನ್ನು ನನ್ನ ಮುಖದ ಹತ್ತಿರ ಹಿಡಿದರು. ಅವಲಕ್ಕಿ ಕಾಳಿನಷ್ಟು ನೆರಳು.

"ನಿನ್ನ ಕೈಯಲ್ಲಿ ಇದು ಹೆಂಗಮ್ಮಾ ತಪ್ಪಿತು?"

ಹನ್ನೊಂದು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಎಡಗೈಯಿಂದ ನೋಡುತ್ತೇನೆ. ಬಲಗೈ ಮನೆಗೆಲಸದಲ್ಲಿ ಒರಟಾಗಿದೆ. ಎಡಗೈಗೆ ಪಾತ್ರೆ ತೊಳೆಯುವ ಪುಡಿ ಮುಟ್ಟಿಸುವುದಿಲ್ಲ, ಬಿಸಿ ಮುಟ್ಟಿಸುವುದಿಲ್ಲ. "ನಮ್ಮನೇಲಿ ಬಲಗೈ ಆಳು, ಎಡಗೈ ಮಹಾರಾಣಿ" ಎಂದು ಇವರು ಕಂಡವರಿಗೆಲ್ಲ ಹೇಳುತ್ತಾರೆ. ಇದನ್ನು ಕಲಿಸಿದವರು ಮಾವ. ಕೆಲಸಕ್ಕೆ ಸೇರಿದ ವಾರ ನನ್ನ ಅಂಗೈ ಮೇಲೆ ತಮ್ಮ ಅಂಗೈ ಇಟ್ಟು ಬಾಗಿಲಿನುದ್ದಕ್ಕೂ ಸವರಿಸಿ, "ಕಣ್ಣು ಮುಚ್ಚು. ಕಣ್ಣು ಸುಳ್ಳು ಹೇಳುತ್ತೆ, ಇದು ಹೇಳಲ್ಲ" ಎಂದಿದ್ದರು. ಮೂರು ತಿಂಗಳಲ್ಲಿ ಅವರಿಗೆ ಸಿಗದ ಗುಳಿ ನನಗೆ ಸಿಗತೊಡಗಿತು. ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮನೆಗೆ ಬಂದು ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಏನೂ ಬದಲಾಗಿಲ್ಲ.

ಮಾರ್ಚ್ ೧೦, ಸೋಮವಾರ

ತಂಗಿಯ ಕೆಲಸ ಹೋಯಿತು. ಅವಳು ಕಾರಿನ ಸೀಟುಗಳ ಹೊದಿಕೆ ಹೊಲಿಯುವ ಚಿಕ್ಕ ಕಾರ್ಖಾನೆಯಲ್ಲಿದ್ದಳು. ನಮ್ಮಲ್ಲಿ ಶಿಫ್ಟ್ ಮುಚ್ಚುವುದು ಮುಂದಿನ ತಿಂಗಳು, ಅವರಲ್ಲಿ ಇಂದೇ ಮುಚ್ಚಿದರು. ಬೆಳಿಗ್ಗೆ ಹೋದಾಗ ಹೊಲಿಗೆ ಯಂತ್ರಗಳನ್ನು ಲಾರಿಗೆ ಏರಿಸುತ್ತಿದ್ದರಂತೆ. ತನ್ನ ಯಂತ್ರದ ಮೇಲೆ ಅವಳು ಅಂಟಿಸಿದ್ದ ಹೂವಿನ ಚಿತ್ರ ಇನ್ನೂ ಇತ್ತಂತೆ.

"ಅಕ್ಕಾ, ನಿಮ್ಮಲ್ಲೇನಾದ್ರೂ..." ಎಂದು ಫೋನಿನಲ್ಲಿ ಶುರುಮಾಡಿ ತಾನೇ ನಕ್ಕುಬಿಟ್ಟಳು. "ಇರ್ಲಿ ಬಿಡು. ನಿನ್ನ ಕುರ್ಚಿ ಗಟ್ಟಿಯಾಗಿ ಹಿಡ್ಕೋ."

ನಾನು ನಿಂತು ಕೆಲಸ ಮಾಡುವವಳು. ನನಗೆ ಕುರ್ಚಿಯಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಆರು ಬೆಂಚುಗಳಿದ್ದವು, ಈಗ ಮೂರಿವೆ. ಉಳಿದ ಮೂರನ್ನು ಅಂಗಡಿಯವನು ಗೋಡೆಗೆ ಒರಗಿಸಿ ಕಾಲು ಮೇಲೆ ಮಾಡಿ ನಿಲ್ಲಿಸಿದ್ದಾನೆ. ಪಕ್ಕದ ಬೀದಿಯಲ್ಲಿ ಮೂರು ಮನೆಗಳ ಬಾಗಿಲಿಗೆ 'ಬಾಡಿಗೆಗಿದೆ' ಬೋರ್ಡು.

ಮಾರ್ಚ್ ೧೧, ಮಂಗಳವಾರ

ಎರಡನೆಯದು ತಪ್ಪಿತು. ಮುಂದಿನ ಬಾಗಿಲಿನ ಮೇಲಂಚು.

ಕನ್ನಡಕದವಳದು ಸೊನ್ನೆ. ಉದ್ದಣ್ಣನದು ಸೊನ್ನೆ. ಮಾವನದು ಸೊನ್ನೆ. ನನ್ನದು ಎರಡು. ಸೂಪರ್‌ವೈಸರ್ ಹಾಳೆಯಲ್ಲಿ ಬರೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. "ನನ್ನ ಮೇಲೂ ಒಂದು ಪಟ್ಟಿ ಇದೆ ಕಣಮ್ಮಾ" ಎಂದರು.

ಮಾರ್ಚ್ ೧೨, ಬುಧವಾರ

ಇಂದು ಒಂದು ಬಾಗಿಲಿನ ನಡುವೆ ಏನೋ ಇದೆ ಅನ್ನಿಸಿತು. ಮತ್ತೆ ಸವರಿದೆ, ಇಲ್ಲ ಅನ್ನಿಸಿತು. ಮೂರನೇ ಸಲ ಸವರುವಷ್ಟು ಹೊತ್ತು ಕಾರು ನಿಲ್ಲುವುದಿಲ್ಲ. ಗೀಟು ಹಾಕಿದೆ.

ಮಾವ ಬಂದು ಬರಿಗೈಯಿಂದ ಸವರಿದರು. ಅತ್ತಿಂದಿತ್ತ, ಮೇಲಿಂದ ಕೆಳಗೆ. ಮತ್ತೆ ಸವರಿದರು. ನನ್ನ ಕಡೆ ನೋಡಿದರು. ನಾನು ಮುಂದಿನ ಕಾರಿನ ಕಡೆ ತಿರುಗಿಕೊಂಡೆ. ಈಗ ಬರೆಯುತ್ತಾರೆ, 'ದೋಷವಿಲ್ಲ' ಎಂದು ಬರೆಯುತ್ತಾರೆ, ಮೂರಾಗುತ್ತದೆ ಎಂದುಕೊಂಡೆ. ಹಿಂದಿನಿಂದ ಸುತ್ತಿಗೆಯ ಮೆಲ್ಲನೆಯ ಸದ್ದು ಕೇಳಿತು. ಟಕ್ ಟಕ್. ಆಮೇಲೆ ಅರದ ಸದ್ದು. ಸಹಿ ಹಾಕಿ ಚೀಟಿಯನ್ನು ಡಬ್ಬಿಗೆ ಹಾಕಿದರು.

ಅಂದರೆ ಅಲ್ಲಿ ನಿಜವಾಗಿಯೂ ಗುಳಿ ಇತ್ತು.

ಮಾರ್ಚ್ ೧೪, ಶುಕ್ರವಾರ

ನಿನ್ನೆ ಏಳು ಗೀಟು, ಇಂದು ಹದಿನಾಲ್ಕು. ಬಣ್ಣದ ವಿಭಾಗದಿಂದ ಒಂದೂ ದೂರು ಬಂದಿಲ್ಲ. ಮಾವ ಎಲ್ಲದಕ್ಕೂ ಸಹಿ ಹಾಕಿದ್ದಾರೆ. ಅನುಮಾನ ಬಂದಲ್ಲಿ ಗೀಟು ಹಾಕುವುದು ತಪ್ಪಲ್ಲ, ಎಚ್ಚರಿಕೆ. ಇಷ್ಟು ದಿನ ನಾನೇ ಸ್ವಲ್ಪ ಹಗುರವಾಗಿ ತೆಗೆದುಕೊಂಡಿದ್ದೆನೇನೋ.

ಮಾರ್ಚ್ ೧೮, ಮಂಗಳವಾರ

ಎಲ್ಲದರಲ್ಲೂ ಗುಳಿ ಸಿಗುತ್ತಿದೆ. ಊಟದ ತಟ್ಟೆಯಲ್ಲಿ, ಅಡುಗೆಮನೆಯ ಗೋಡೆಯಲ್ಲಿ, ಬಸ್ಸಿನ ಕಂಬಿಯಲ್ಲಿ. ಬೆಳಿಗ್ಗೆ ಮಗಳ ತಲೆ ಬಾಚುವಾಗ ಎಡಗೈ ಅವಳ ಹಣೆಯ ಮೇಲೆ ನಿಂತುಬಿಟ್ಟಿತು.

"ಏನಮ್ಮಾ?"

"ಇಲ್ಲೇನಾದ್ರೂ ಪೆಟ್ಟು ಬಿದ್ದಿತ್ತಾ?"

"ಇಲ್ಲಮ್ಮಾ. ನನ್ನ ಹಣೆ ಇರೋದೇ ಹಿಂಗೆ. ಬಿಡು, ಸ್ಕೂಲಿಗೆ ಹೊತ್ತಾಯ್ತು."

ಸಂಜೆ ಇವರು ಬಂದು ಬೂಟು ಬಿಚ್ಚದೆ ಕುಳಿತರು. ಇವರು ಓಡಿಸುವುದು ಕಾರ್ಖಾನೆಯ ಕೆಲಸಗಾರರ ಬಸ್ಸು. ಎರಡನೇ ಶಿಫ್ಟಿಗೆ ಜನರಿಲ್ಲದ ಮೇಲೆ ಬಸ್ಸೇಕೆ? ಮುಂದಿನ ತಿಂಗಳಿಂದ ವಾರಕ್ಕೆ ಮೂರೇ ದಿನ ಕೆಲಸವಂತೆ.

"ಪರವಾಗಿಲ್ಲ, ನಿನ್ನದಿದೆಯಲ್ಲ" ಎಂದರು.

ಹಾಗೆ ಹೇಳಬಾರದಿತ್ತು. ಎದ್ದು ಸ್ನಾನದ ಮನೆಗೆ ಹೋಗಿ ನೀರು ಬಿಟ್ಟುಕೊಂಡು ನಿಂತೆ.

ಮಾರ್ಚ್ ೨೦, ಗುರುವಾರ

ಇಂದು ಇಪ್ಪತ್ತಾರು. ಊಟದ ಹೊತ್ತಿನಲ್ಲಿ ಕನ್ನಡಕದವಳು ಎಲ್ಲರ ಮುಂದೆ ಕೇಳಿದಳು: "ಏನೇ, ನಿನ್ನ ಕಡೆ ಬಾಗಿಲು ಬರ್ತಿದೆಯೋ, ಕಾಪಿ ಪುಸ್ತಕ ಬರ್ತಿದೆಯೋ? ಎಲ್ಲಿ ನೋಡಿದ್ರೂ ಗೀಟು."

ಉದ್ದಣ್ಣ ಅನ್ನ ನೆತ್ತಿಗೇರುವಷ್ಟು ನಕ್ಕ. ನಾನು ಹೇಳಿದೆ, "ನಿನಗೆ ಸಿಗದೇ ಇದ್ರೆ ನಾನೇನು ಮಾಡ್ಲಿ? ಕನ್ನಡಕ ಕೈಗೂ ಹಾಕ್ಕೊ."

ಈ ಮಾತಿಗೆ ಎಲ್ಲರಿಗಿಂತ ಮೊದಲು ನಗಬೇಕಾಗಿದ್ದವರು ಮಾವ. ಅವರು ಕೇಳಿಸಿಕೊಂಡಂತಿರಲಿಲ್ಲ. ಬಲಗೈಯ ಬೆರಳುಗಳನ್ನು ಎಡಗೈಯ ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಅವರ ಕೈಯಿಂದ ಸುತ್ತಿಗೆ ಜಾರಿ ಬಿತ್ತು. ಎತ್ತಿಕೊಟ್ಟೆ. ಥ್ಯಾಂಕ್ಸ್ ಎಂದರು. ಹನ್ನೊಂದು ವರ್ಷದಲ್ಲಿ ಅವರು ನನಗೆ ಥ್ಯಾಂಕ್ಸ್ ಹೇಳಿದ್ದು ಇದೇ ಮೊದಲು.

ವಯಸ್ಸಾಯಿತು ಅವರಿಗೆ.

ಮಾರ್ಚ್ ೨೧, ಶುಕ್ರವಾರ

ಒಂದು ಗೀಟಿನ ಜಾಗವನ್ನು ಮಾವ ಬಹಳ ಹೊತ್ತು ತಟ್ಟಿದರು. ಅಷ್ಟು ತಟ್ಟುವಂಥದ್ದು ಅಲ್ಲಿ ಇರಲಿಲ್ಲ. ಮುಗಿಸಿ, "ಒಂದ್ಸಲ ನೋಡಮ್ಮಾ" ಎಂದು ಕರೆದರು. ತಾವು ಮಾಡಿದ ಕೆಲಸವನ್ನು ನೋಡು ಎಂದು ಅವರು ಯಾರನ್ನೂ ಕರೆದವರಲ್ಲ.

ಸವರಿದೆ. ಈಗ ಅಲ್ಲಿ ಗುಳಿ ಇತ್ತು. ಅನುಮಾನವೇ ಇಲ್ಲ, ಕಣ್ಣು ಮುಚ್ಚಿದರೂ ತೆರೆದರೂ ಸಿಗುವ ಗುಳಿ, ಸುತ್ತಿಗೆಯದೇ ಅಳತೆ. ಎಷ್ಟೋ ದಿನದ ಮೇಲೆ ಕೈ ಖಚಿತವಾಗಿ ಹೇಳಿದ ಮಾತು ಅದು. ಒಂದು ಬಗೆಯ ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ.

ಎರಡನೇ ಗೀಟು ಹಾಕಿದೆ. ಚೀಟಿ ಬರೆಯಲಿಲ್ಲ. ಬರೆದಿದ್ದರೆ ಅವರ ಹೆಸರಿಗೆ ಒಂದು ತಪ್ಪು ಸೇರುತ್ತಿತ್ತು. "ಸ್ವಲ್ಪ ಉಳಿದಿದೆ ಮಾವ" ಎಂದು ಬಾಯಲ್ಲೇ ಹೇಳಿದೆ. ಅವರ ಮರ್ಯಾದೆ ಉಳಿಸಿದೆ.

ಅವರು ಗೀಟನ್ನು ನೋಡುತ್ತ ನಿಂತರು. ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು.

ಮಾರ್ಚ್ ೨೪, ಸೋಮವಾರ

ಮಾವ ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು.

ಸೂಪರ್‌ವೈಸರ್ ಬಂದು ಹೇಳಿದರು, "ನಿಮ್ಮ ಸ್ಟೇಷನ್ ಪಾರಾಯ್ತು. ಶುಕ್ರವಾರ ಸಂಜೆ ಐದರ ತನಕ ಅವರು ಮನಸ್ಸು ಬದಲಾಯಿಸಿ ಅರ್ಜಿ ವಾಪಸ್ ತಗೋಬಹುದು. ತಗೊಂಡ್ರೆ ಮತ್ತೆ ಎಣಿಕೆ ನೋಡ್ಬೇಕಾಗುತ್ತೆ." ಕೊನೆಯ ಮಾತನ್ನು ಯಾರ ಕಡೆಗೂ ನೋಡದೆ ಹೇಳಿದರು. ಎಣಿಕೆಯಲ್ಲಿ ತಪ್ಪಿರುವುದು ನನ್ನೊಬ್ಬಳದೇ.

ಬಿಡುವಿನಲ್ಲಿ ಮಾವನ ಹತ್ತಿರ ಹೋದೆ. ಅವರು ಬೆಂಚಿನ ತುದಿಯಲ್ಲಿ ಕೂತಿದ್ದರು.

"ಯಾಕೆ ಮಾವ?"

"ಕೈ ಹೋಯ್ತಮ್ಮ."

"ಅಂದ್ರೆ?"

"ಎರಡು ವಾರದಿಂದ ನೋಡ್ತಿದೀನಿ. ನೀನು ಗೀಟು ಹಾಕಿದ ಕಡೆ ನನಗೆ ಏನೂ ಸಿಗ್ತಿಲ್ಲ. ಮೊದಲು ನೀನೇ ತಪ್ಪಿದೀಯ ಅಂದ್ಕೊಂಡೆ. ಒಂದಾದ್ರೆ ಸರಿ, ಎರಡಾದ್ರೆ ಸರಿ. ದಿನಕ್ಕೆ ಇಪ್ಪತ್ತು ಮೂವತ್ತು ತಪ್ಪೋ ಕೈಯಾ ನಿಂದು? ಮೂವತ್ತು ವರ್ಷ ಸುತ್ತಿಗೆ ಹಿಡಿದ್ರೆ ನರ ಸಾಯುತ್ತಂತೆ. ನಮ್ಮ ಹಳಬರಿಗೆಲ್ಲ ಆಗಿದೆ. ನೀನು ತೋರಿಸಿದ ಜಾಗದಲ್ಲಿ ಕುರುಡನ ಹಾಗೆ ತಟ್ಟಿ ಸಹಿ ಹಾಕ್ತಿದ್ದೆ. ಶುಕ್ರವಾರ ನೀನು ಎರಡನೇ ಗೀಟು ಹಾಕಿದೆ ನೋಡು, ಆಗ ಖಾತ್ರಿಯಾಯ್ತು. ಚೀಟಿ ಬರೀದೆ ಬಿಟ್ಟೆಯಲ್ಲ, ಮನೇಲಿ ನಿನ್ನ ಅತ್ತೆಗೆ ಹೇಳ್ದೆ. ಆ ಹುಡುಗಿ ದೊಡ್ಡ ಮನಸ್ಸಿನವಳು ಅಂತ."

ಅಷ್ಟರಲ್ಲಿ ಗಂಟೆ ಹೊಡೆಯಿತು, ಲೈನ್ ಶುರುವಾಯಿತು.

ಮಾರ್ಚ್ ೨೫, ಮಂಗಳವಾರ

ನಿನ್ನೆ ಚೆನ್ನಾಗಿ ನಿದ್ದೆ ಬಂತು. ಮೂರು ವಾರದಲ್ಲಿ ಇದೇ ಮೊದಲು. ಎದ್ದಾಗ ನಾಚಿಕೆಯಾಯಿತು, ಆದರೆ ಹಸಿವೂ ಆಯಿತು.

ಮಾವ ರಜೆ ಹಾಕಿದ್ದಾರೆ. ಉದ್ದಣ್ಣ ಎರಡೂ ಕಡೆ ಓಡಾಡುತ್ತಿದ್ದ. ನಾಲ್ಕೇ ಗೀಟು ಹಾಕಿದೆ. ನಾಲ್ಕೂ ಇದ್ದವು. ಗೋಡೆಯಲ್ಲಿ, ತಟ್ಟೆಯಲ್ಲಿ ಈಗ ಏನೂ ಸಿಗುತ್ತಿಲ್ಲ.

ಶುಕ್ರವಾರಕ್ಕೆ ಮೂರು ದಿನವಿದೆ. ಹೇಳುತ್ತೇನೆ.

ಮಾರ್ಚ್ ೨೬, ಬುಧವಾರ

ಹೇಳಲಿಲ್ಲ. ಫೋನಿನಲ್ಲಿ ಹೇಳುವ ವಿಷಯವಲ್ಲ.

ಮಾರ್ಚ್ ೨೭, ಗುರುವಾರ

ತಂಗಿ ಬಂದಿದ್ದಳು. ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಲೋಟ ತೊಳೆಯಲು ಯಾರಾದರೂ ಬೇಕೇ ಎಂದು ಕೇಳಿ ಬಂದಳಂತೆ. "ನಾನೇ ತೊಳ್ಕೋತೀನಮ್ಮ, ತೊಳೆಯೋಕೆ ಲೋಟ ಎಲ್ಲಿದೆ ಅಂದ ಕಣಕ್ಕಾ" ಎಂದು ಅವನ ಧ್ವನಿಯಲ್ಲೇ ಹೇಳಿ ತೋರಿಸಿದಳು. ಮಗಳು ಬಿದ್ದು ಬಿದ್ದು ನಕ್ಕಳು. ಹೊರಡುವಾಗ ತಂಗಿ ನಮ್ಮ ಅಕ್ಕಿ ಡಬ್ಬಿಯ ಕಡೆ ನೋಡಿದ್ದನ್ನು ನಾನು ನೋಡಿದೆ. ಒಂದು ಚೀಲದಲ್ಲಿ ತುಂಬಿಕೊಟ್ಟೆ. ಬೇಡ ಎನ್ನಲಿಲ್ಲ. ಮೊದಲಾದರೆ ನನ್ನನ್ನು ಬೈದು ಹೋಗುತ್ತಿದ್ದಳು.

ಇವರಿಗೆ ಅರ್ಧ ಹೇಳಿದೆ. ಮಾವನಿಗೆ ಕೈಯ ಮೇಲೆ ಅನುಮಾನ ಬಂದಿದೆ, ಪಾಪ, ಕೈ ಸರಿಯಾಗಿಯೇ ಇರಬಹುದು ಎಂದೆ.

"ಡಾಕ್ಟರು ನೋಡ್ತಾರೆ ಬಿಡು" ಎಂದರು. "ಅವರ ಮಕ್ಕಳು ದುಡೀತಿದ್ದಾರೆ. ನೀನು ತಲೆ ಕೆಡಿಸ್ಕೋಬೇಡ. ನಿನ್ನ ಕೆಲಸ ಹೋದ್ರೆ ಬೀದಿಗೆ ಬೀಳೋದು ನಾವು ಮೂರು ಜನ."

ಲೆಕ್ಕ ಸರಿಯಾಗಿತ್ತು. ಉಳಿದರ್ಧವನ್ನು ಹೇಳಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ.

ಶಿಫ್ಟ್ ಮುಗಿದದ್ದು ಮೂರಕ್ಕೆ. ಮಾವನ ಮನೆ ಕಾರ್ಖಾನೆಯಿಂದ ಹತ್ತು ನಿಮಿಷದ ನಡಿಗೆ. ಅವರ ಬೀದಿಗೆ ಎರಡು ಸುತ್ತು ಹಾಕಿದೆ. ಬಾಗಿಲು ತಟ್ಟಿದಾಗ ನಾಲ್ಕಾಗಿತ್ತು.

ಅತ್ತೆ ಬಾಗಿಲು ತೆಗೆದರು. ಮಾವನ ಹೆಂಡತಿಯನ್ನು ನಾನು ಅತ್ತೆ ಎನ್ನುವುದು. ಮಾವ ಒಳಗೆ ಕುರ್ಚಿಯಲ್ಲಿದ್ದರು. ಅತ್ತೆ ಹಾಲಿನ ಲೋಟ ತಂದು ಅವರ ಕೈಗೆ ಕೊಡದೆ ಸ್ಟೂಲಿನ ಮೇಲಿಟ್ಟರು. ಮಾವ ಲೋಟವನ್ನು ಮೊಣಕೈಯಿಂದ ಮುಟ್ಟಿ ಬಿಸಿ ನೋಡಿದರು, ಕೂಸಿನ ಸ್ನಾನದ ನೀರು ನೋಡುವ ಹಾಗೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಅಂಗಿಯ ಗುಂಡಿಗಳು ಒಂದೊಂದು ಕೆಳಗಿನ ಕಾಜಕ್ಕೆ ಸೇರಿದ್ದವು.

"ಬಟನ್ ಹಾಕ್ಕೊಳ್ಳೋಕೂ ಹೆದರ್ತಾರೆ" ಎಂದರು ಅತ್ತೆ. "ಡಾಕ್ಟರು ಸೂಜಿ ಚುಚ್ಚಿ ನೋಡಿ ಸರಿಯಾಗೇ ಇದೆಯಲ್ಲ ಅಂದ್ರು. ಇವರು ಅವರ ಜೊತೆಗೇ ಜಗಳ. ಸೂಜಿ ಗೊತ್ತಾಗುತ್ತೆ, ಗುಳಿ ಗೊತ್ತಾಗಲ್ಲ ಅಂತ."

ಅತ್ತೆ ಒಳಗೆ ಹೋದ ಮೇಲೆ ಹೇಳಿದೆ.

"ಮಾವ, ನಿಮ್ಮ ಕೈಗೆ ಏನೂ ಆಗಿಲ್ಲ. ಅಲ್ಲಿ ಗುಳಿಗಳಿರಲಿಲ್ಲ. ಹೆದರಿಕೆಗೆ ನಾನು ಸುಮ್ಮಸುಮ್ಮನೆ ಗೀಟು ಹಾಕಿದ್ದೆ."

ಮೂರು ವಾಕ್ಯಗಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಮಾವ ಮುಗುಳ್ನಕ್ಕರು.

"ನನ್ನ ಸಮಾಧಾನಕ್ಕೆ ನಿನ್ನ ಹೆಸರು ಯಾಕಮ್ಮಾ ಕೆಡಿಸ್ಕೋತೀಯ?"

"ನಿಜ ಮಾವ."

"ಹಂಗಾದ್ರೆ ಹೋದ ಶುಕ್ರವಾರ ನಾನು ತಟ್ಟಿದ ಮೇಲೆ ನೀನು ನೋಡಿದೆಯಲ್ಲ. ಆ ಎರಡನೇ ಗೀಟೂ ಸುಳ್ಳೇ?"

ಅದು ಸುಳ್ಳಾಗಿರಲಿಲ್ಲ. ಆ ಗುಳಿ ಇತ್ತು. ಚೊಕ್ಕ ತಗಡಿನ ಮೇಲೆ ಅವರು ತಟ್ಟಿದ್ದರಿಂದಲೇ ಅದು ಆದದ್ದು, ಅವರು ತಟ್ಟಿದ್ದು ನನ್ನ ಮೊದಲ ಗೀಟು ನಂಬಿದ್ದರಿಂದ. ಇಷ್ಟನ್ನೂ ಹೇಳಲು ಇನ್ನು ಎರಡು ಮೂರು ವಾಕ್ಯ ಬೇಕಿತ್ತು.

"ಅದು ಇತ್ತು ಮಾವ" ಎಂದೆ.

"ನೋಡಿದ್ಯಾ" ಎಂದರು. ಕುರ್ಚಿಗೆ ಒರಗಿದರು. "ನಿನಗೆ ಸುಳ್ಳು ಹೇಳೋಕೂ ಬರಲ್ಲ."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಅರ್ಜಿ ವಾಪಸ್ ಪಡೆಯಲು ಇನ್ನೂ ನಲವತ್ತು ನಿಮಿಷವಿತ್ತು. ನಡೆದುಕೊಂಡು ಹೋದರೂ ಸಾಕಾಗುವಷ್ಟು ಹೊತ್ತು. ಅತ್ತೆ ಬಿಸ್ಕತ್ತು ತಂದರು, ತಿಂದೆ. ಮಗಳ ಓದಿನ ಬಗ್ಗೆ ಕೇಳಿದರು, ಹೇಳಿದೆ. ಹೊರಡುವಾಗ ಅತ್ತೆ ನನ್ನ ಎಡಗೈ ಹಿಡಿದುಕೊಂಡು, "ಬಂದೆಯಲ್ಲ, ಅಷ್ಟೇ ಸಾಕು" ಎಂದರು.

ಐದಕ್ಕೆ ಕಾರ್ಖಾನೆಯ ಸೈರನ್ ಕೇಳಿದಾಗ ನಾನು ಮಗಳಿಗೆ ಪೆನ್ಸಿಲ್ ಕೊಳ್ಳುತ್ತಿದ್ದೆ.

ನಾನು ಹೇಳಿದ್ದೇನೆ. ಅವರು ನಂಬಲಿಲ್ಲ.

ಮಾರ್ಚ್ ೩೧, ಸೋಮವಾರ

ಎರಡನೇ ಶಿಫ್ಟಿನವರಿಗೆ ಇಂದು ಕೊನೆಯ ದಿನ. ನಾವು ಹೊರಗೆ ಬರುವಾಗ ಅವರು ಒಳಗೆ ಹೋಗುತ್ತಿದ್ದರು. ಗೇಟಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಜೂನ್‌ನಲ್ಲಿ ಇನ್ನೊಂದು ಪಟ್ಟಿ ಬರುತ್ತದೆಂದು ಉದ್ದಣ್ಣ ಹೇಳಿದ. ಮತ್ತೆ ಎಣಿಕೆಯಂತೆ, ಈ ತಿಂಗಳ ನನ್ನ ಎರಡು ತಪ್ಪುಗಳೂ ಲೆಕ್ಕಕ್ಕಿರುತ್ತವಂತೆ.

ಅವನು ಅದನ್ನು ಹೇಳಿದ್ದು ಬೆಳಿಗ್ಗೆ ಎಂಟಕ್ಕೆ. ಒಂಬತ್ತರ ಹೊತ್ತಿಗೆ ಒಂದು ಬಾಗಿಲಿನ ಕೆಳಭಾಗದಲ್ಲಿ ಏನೋ ಇದೆ ಅನ್ನಿಸಿತು. ಗೀಟು ಹಾಕಿದೆ.

ಉದ್ದಣ್ಣ ಬಗ್ಗಿ ಸವರಿದ. ಮತ್ತೆ ಸವರಿದ. "ಇಲ್ಲೇನೂ ಇಲ್ವಲ್ಲಕ್ಕಾ" ಎಂದು ಜೇಬಿನಿಂದ ಪೆನ್ನು ತೆಗೆದು ಚೀಟಿಯನ್ನು ಬಾಗಿಲಿಗೆ ಒತ್ತಿ ಹಿಡಿದ.

"ಸರಿಯಾಗಿ ನೋಡಿದ್ಯಾ?" ಎಂದೆ. "ಮಾವನಿಗೂ ಶುರುವಾಗಿದ್ದು ಹೀಗೇ. ಎಷ್ಟು ವರ್ಷ ಆಯ್ತು ನೀನು ಸುತ್ತಿಗೆ ಹಿಡಿದು? ಒಂದ್ಸಲ ಡಾಕ್ಟರಿಗೆ ಕೈ ತೋರಿಸ್ಕೋ ಉದ್ದಣ್ಣಾ."

ಅವನ ಒಳ್ಳೆಯದಕ್ಕೇ ಹೇಳಿದ್ದು.

ಅವನು ಪೆನ್ನು ಹಿಡಿದುಕೊಂಡು ಹಾಗೇ ನಿಂತ. ಅಂಗೈಯನ್ನು ತಿರುಗಿಸಿ ನೋಡಿಕೊಂಡ, ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದ. ಆಮೇಲೆ ಪೆನ್ನನ್ನು ಜೇಬಿಗೆ ಸೇರಿಸಿ ಸುತ್ತಿಗೆ ತೆಗೆದುಕೊಂಡ.